ಮಾವನವರ ರಿವಾಲ್ವರಿನ ಉಡಿ

ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾವನವರ ಕೋಣೆಯಿಂದ ಟಕ್ ಎಂದು ಸಣ್ಣ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ನಮ್ಮ ಮನೆಯಲ್ಲಿ ಇಂಥ ಸದ್ದಿಗೆ ಎಚ್ಚರವಾಗುವವಳು ನಾನೊಬ್ಬಳೇ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮಲಗಿದ ಮೇಲೂ ಎದ್ದು ನೋಡುವ ಸ್ವಭಾವ ನನ್ನದು. ಇನ್ನು ರಿವಾಲ್ವರ್ ಇರುವ ಕೋಣೆಯ ಸದ್ದೆಂದರೆ ಸುಮ್ಮನಿರಲು ಹೇಗೆ ಸಾಧ್ಯ? ನನ್ನ ಗಂಡ ಶಿವರಾಜ ಮಗ್ಗುಲು ಬದಲಿಸಿ, "ಬೆಕ್ಕು ಇರಬೇಕು, ಮಲ್ಕೊ" ಎಂದರು.

ಬೆಕ್ಕಲ್ಲ. ಮಾವನವರು ಮಂಚದ ಮೇಲೆ ಟವೆಲ್ ಹಾಸಿ, ಲಟ್ಟಣಿಗೆಯಿಂದ ತಮ್ಮ ರಿವಾಲ್ವರನ್ನು ಮೆಲ್ಲಗೆ ಬಡಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಮಾವಾರ, ಅದರಾಗ ಗುಂಡು?"

"ಇಲ್ಲವಾ. ಗುಂಡೆಲ್ಲಾ ಡಬ್ಬಿಯಾಗ ಅದಾವ, ನೋಡಿಲ್ಲೆ." ಡಬ್ಬಿ ತೆರೆದು ತೋರಿಸಿದರು. ಆಮೇಲೆ ದನಿ ತಗ್ಗಿಸಿ, "ಇದು ತೆರೆಯವಲ್ದು" ಎಂದರು.

ಚುನಾವಣೆ ಬಂದಿತ್ತು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರು ಆಯುಧವನ್ನು ಪೊಲೀಸರಿಗೆ ಒಪ್ಪಿಸಿ ಬರಬೇಕು. ಈ ಸಲ ನಮ್ಮ ಸಿಂಧನೂರು, ಮಸ್ಕಿಯವರಿಗೂ ಲಿಂಗಸುಗೂರಿನಲ್ಲೇ ತಪಾಸಣೆ ಇಟ್ಟಿದ್ದರು. ಅಲ್ಲಿ ರಿವಾಲ್ವರನ್ನು ಮಡಚಿ ತೆರೆದು, ಖಾಲಿ ಇದೆ ಎಂದು ತೋರಿಸಬೇಕು. ತೆರೆಯದಿದ್ದರೆ ಲೈಸೆನ್ಸ್ ಹೋಗುವುದಿಲ್ಲ, ಮಾವನವರ ಮಾನ ಹೋಗುತ್ತದೆ. ಯಾಕೆಂದರೆ ಹಿಂದಿನ ಚುನಾವಣೆಯಲ್ಲಿ ಅವರ ಗೆಳೆಯ, ಮಸ್ಕಿಯ ಹತ್ತಿ ಬೀಜದ ಅಂಗಡಿಯ ಚನ್ನವೀರರ ರಿವಾಲ್ವರ್ ಪೊಲೀಸರ ಮುಂದೆ ತೆರೆಯದೆ ಹಟ ಹಿಡಿದಿತ್ತು. ಅಂದಿನಿಂದ ಮಾವನವರು ಅವರಿಗೆ 'ತುಕ್ಕಿನ ಚನ್ನವೀರ' ಎಂದು ಹೆಸರಿಟ್ಟು, ಆ ಹೆಸರನ್ನು ಮದುವೆ ಮನೆಗಳಲ್ಲೂ ದಲಾಲರ ಅಡತಿ ಅಂಗಡಿಗಳಲ್ಲೂ ಪುಕ್ಕಟೆ ಹಂಚಿದ್ದರು. ಅದೇ ಚನ್ನವೀರರು ಬೆಳಿಗ್ಗೆ ನಮ್ಮ ಕಾರಿನಲ್ಲೇ ಬರುವವರಿದ್ದರು.

"ಎಣ್ಣಿ ಬಿಟ್ಟೀನಿ, ನಾಳಿಗೆ ತೆರೀತೈತಿ. ಹೋಗು, ಮಲ್ಕೊ. ನಿಮ್ಮತ್ತಿಗೆ ಹೇಳಬ್ಯಾಡ."

ಬೆಳಿಗ್ಗೆ ಅವರ ಕೋಣೆ ಗುಡಿಸುವಾಗ ಮಂಚದ ಕೆಳಗೆ ಒಂದು ಹಳದಿ ಅಕ್ಕಿಕಾಳು ಸಿಕ್ಕಿತು. ಅಕ್ಷತೆ. ದೇವರ ಕೋಣೆ ಇರುವುದು ಮನೆಯ ಆ ತುದಿಗೆ. ಇದು ಇಲ್ಲಿಗೆ ಹೇಗೆ ಬಂತು ಎಂದು ಯೋಚಿಸುತ್ತಲೇ ತುಳಸಿ ಬುಡಕ್ಕೆ ಹಾಕಿದೆ.

ಶಿವರಾಜ ನಮ್ಮ ರೈಸ್ ಮಿಲ್ಲಿಗೆ ಹೋಗಬೇಕಿದ್ದರಿಂದ ಕಾರು ನಡೆಸಲು ನಾನೇ ಹೊರಟೆ. ಮಸ್ಕಿಯಲ್ಲಿ ಚನ್ನವೀರರು ಮಖಮಲ್ಲಿನ ಚೀಲ ಎದೆಗವಚಿಕೊಂಡು ಹತ್ತಿದರು.

"ಏನವಾ ಅಮೂಲ್ಯಾ, ನಿಮ್ಮ ಮಾವ ಇವತ್ತು ಭಾಳ ಗಪ್ ಅದಾನ?"

"ಗಂಟಲು ಕೆಟ್ಟೈತಿ" ಎಂದರು ಮಾವ, ಕಿಟಕಿಯ ಕಡೆ ಮುಖ ಮಾಡಿ.

"ನನ್ನದು ಈ ಸಲ ಕಾರ್ಖಾನ್ಯಾಗ ರಿಪೇರಿ ಮಾಡಿಸೀನಪಾ. ಇವತ್ತು ತುಕ್ಕಿನವ ಯಾರು ಅಂತ ನೋಡೂಣು."

ಮಾವನವರು ಕೆಮ್ಮಿದರು. ಕನ್ನಡಿಯಲ್ಲಿ ನೋಡಿದೆ. ರಿವಾಲ್ವರಿನ ಡಬ್ಬಿಯನ್ನು ಸೀಟಿನ ಕೆಳಗೆ ಸರಿಸುತ್ತಿದ್ದರು.

ಲಿಂಗಸುಗೂರಿನಲ್ಲಿ ಠಾಣೆಯ ಅಂಗಳದ ಬೇವಿನ ಮರದ ಕೆಳಗೆ ಬೆಂಚು ಹಾಕಿದ್ದರು. ಮಾವನವರ ಇನ್ನೊಬ್ಬ ಗೆಳೆಯ, ಮುದಗಲ್ಲಿನ ಆಸೀಮ್ ಸಾಹೇಬರು ಆಗಲೇ ಬಂದು, ಎಲ್ಲರಿಗೂ ಚಹಾ ಹೇಳಿಟ್ಟಿದ್ದರು. ಈ ಮೂವರು ಗೆಳೆಯರು ಸೇರಿದರೆ ಬರುವುದು ಒಂದೇ ಮಾತು, ತಾವು ಕೊಂಡ ಮೊದಲ ಹೊಸ ರಿವಾಲ್ವರಿನ ಮಾತು. ಯಾರೂ ಎರಡನೆಯದನ್ನು ಕೊಂಡಿಲ್ಲ.

"ನಾ ತಂದ ದಿನ ನಮ್ಮ ಅಮ್ಮಿ ಚಾಂದ್‌ಬೀ ಏನಂದ್ಲು ಗೊತ್ತೇನ್ರಿ?" ಆಸೀಮ್ ಸಾಹೇಬರು ಶುರು ಮಾಡಿದರು. "'ಇಷ್ಟು ರೊಕ್ಕದಾಗ ಎಮ್ಮಿ ಬರ್ತಿತ್ತಲ್ಲೋ. ಇದೇನು ಹಾಲು ಕೊಡ್ತೈತೇನು?' ಅಂದ್ಲು. ರಾತ್ರಿ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗಿದೆ. ಬೆಳಿಗ್ಗೆ ಕುತ್ತಿಗಿ ತಿರುಗವಲ್ದು. ಕಳ್ಳ ಬಂದಿದ್ರೂ ಆ ಕಡೆ ನೋಡಾಕ ಆಗ್ತಿದ್ದಿಲ್ಲ."

"ನಮ್ಮನ್ಯಾಗ ಬ್ಯಾರೇನ" ಎಂದರು ಚನ್ನವೀರರು. "ನನ್ನ ಹೇಣ್ತಿ ಅಂಬಮ್ಮ ಆರತಿ ತಗೊಂಡು ಬಾಗಲಕ್ಕ ಬಂದ್ಲು, ಹೊಸ ಸೊಸಿ ಬಂದಂಗ. ಹೊಸ್ತಿಲ ಮ್ಯಾಲೆ ಸೇರಿನ ತುಂಬ ಅಕ್ಕಿನೂ ಇಟ್ಲು. ಆಮ್ಯಾಲೆ ನನ್ನ ಮಾರಿ ನೋಡಿ, 'ಇದಕ್ಕ ಕಾಲಿಲ್ಲ, ಸೇರು ಒದಿಯೋರು ಯಾರು?' ಅಂತಾಳ. ನಾನ ಒದ್ದೆ."

"ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬೋದೊಂದು ಬಾಕಿ ಉಳೀತು ನೋಡು" ಎಂದು ಆಸೀಮ್ ಸಾಹೇಬರು ನಕ್ಕರು.

ನನ್ನ ಕೈಯ ಚಹಾ ಅಲ್ಲೇ ನಿಂತಿತು. ದಸರೆಯ ಆಯುಧ ಪೂಜೆ ಕಣ್ಣ ಮುಂದೆ ಬಂತು. ಮಾವನವರು ರಿವಾಲ್ವರನ್ನು ಒರೆಸಿ, ತೆರೆದಂತೆಯೇ ಮಣೆಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದರು. ಅತ್ತೆ ಅಮರಮ್ಮ ಕುಂಕುಮ ಹಚ್ಚಿ, ಅದರ ಖಾಲಿ ತೂತುಗಳನ್ನು ನೋಡಿ, "ಬರೇ ಉಡಿ ಇಟ್ಟು ಪೂಜಾ ಮಾಡಬಾರದು" ಎನ್ನುತ್ತ ತುಪ್ಪದಲ್ಲಿ ಕಲಸಿದ ಅಕ್ಷತೆಯನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದರು. ಕುಂಕುಮದ ಭರಣಿ ಮುಚ್ಚಿದಷ್ಟೇ ಸಹಜವಾಗಿ ಅದನ್ನೂ ಮುಚ್ಚಿದ್ದರು. ಆಗ ನನ್ನ ಗಮನವೆಲ್ಲ ಕರ್ಟನ್ನಿನ ಹತ್ತಿರ ಉರಿಯುತ್ತಿದ್ದ ದೀಪದ ಮೇಲಿತ್ತು.

"ಲೇ ಆದೆಪ್ಪ, ನಿಂದು ಹೇಳು" ಎಂದರು ಚನ್ನವೀರರು. "ಬೆಣ್ಣಿ ಹಂಗ ತೆರೀತೈತಿ ಅಂತೀಯಲ್ಲ."

ಮಾವನವರು ನೆಲ ನೋಡುತ್ತ, "ನಾ ತಂದು ವಾರಗಟ್ಟಲೆ ಡಬ್ಬಿನ ಬಿಚ್ಚಿದ್ದಿಲ್ಲ. ಮುಟ್ಟಿದ್ರ ಹಳೇದಾಗ್ತೈತಿ ಅಂತ" ಎಂದರು. ಈ ಕಥೆಯನ್ನು ನಾನು ಮೊದಲು ಕೇಳಿರಲಿಲ್ಲ.

ಅಷ್ಟರಲ್ಲಿ ಅವರ ಹೆಸರು ಕೂಗಿದರು. ವರಾಂಡದಲ್ಲಿ ಸಹಿಗೆ ಕೂರಿಸಿ, ಪೇದೆ ಡಬ್ಬಿಯನ್ನು ಒಳಕೋಣೆಗೆ ಒಯ್ದ. ನಾನು ಅವನ ಹಿಂದೆಯೇ ನಡೆದೆ. ಒಳಗೆ ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರಾ ಕುಳಿತಿದ್ದರು. ನನ್ನ ವಯಸ್ಸಿನವರೇ.

"ಮೇಡಮ್, ಅದು ತೆರೆಯಂಗಿಲ್ರಿ. ಒಳಗ ಗುಂಡಿಲ್ಲ. ಅಕ್ಕಿ ಅದಾವ."

"ಅಕ್ಕಿ?"

"ನಮ್ಮತ್ತಿ ದಸರಾದಾಗ ಉಡಿ ತುಂಬ್ಯಾರ್ರಿ."

ಅವರು ರಿವಾಲ್ವರನ್ನೂ ನನ್ನನ್ನೂ ನೋಡಿದರು. "ಹೆಣ್ಣು ಅಂತ ಹೆಂಗ ಗೊತ್ತಾತು ಅವರಿಗೆ?"

ಸಂಘಮಿತ್ರಾ ಅದರ ಮೂತಿಯನ್ನು ಮರಳಿನ ಬಕೆಟ್ಟಿನ ಕಡೆ ತಿರುಗಿಸಿ ಹಿಡಿದು, ಸಂದಿಗೆ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ತಟ್ಟಿದರು. ನಾನು ಕಿವಿ ಮುಚ್ಚಿಕೊಂಡೆ. ಟಕ್ ಎಂದು ತೆರೆಯಿತು. ಹಳೆಯ ಪೇಪರಿನ ಮೇಲೆ ನಮ್ಮದೇ ಮಿಲ್ಲಿನ ಸೋನಾ ಮಸೂರಿ ಹಳದಿಯಾಗಿ ಉದುರಿತು, ಜೊತೆಗೆ ಒಂದು ಅಡಿಕೆ ಚೂರು.

"ಶಾಸ್ತ್ರ ಪೂರಾ ಮಾಡ್ಯಾರ. ಉತ್ತತ್ತಿ ಒಂದು ಹಿಡಿಸಿಲ್ಲ" ಎಂದರು ಸಂಘಮಿತ್ರಾ. ತುಟಿ ಕಚ್ಚಿ ನಗು ತಡೆದಿದ್ದರು.

"ಮೇಡಮ್, ಹೊರಗ ಅವರ ಗೆಳೆಯರು ಅದಾರ..."

"ಖಾಲಿ ಐತೋ ಇಲ್ಲೋ ನೋಡೋದು ನನ್ನ ಕೆಲಸ. ಈಗ ಖಾಲಿ ಐತಿ." ಒರೆಸಿ ಮುಚ್ಚಿ, ಅಕ್ಕಿಯ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು. "ಆದೆಪ್ಪ ಅವರನ್ನ ಕರೀರಿ."

ಮಾವನವರು ಬಂದರು. ಬಾಗಿಲಾಚೆ ಚನ್ನವೀರರ ಕತ್ತು ಉದ್ದವಾಯಿತು. "ತೆರೀರಿ" ಎಂದರು ಮೇಡಮ್. ಮಾವನವರು ಕಣ್ಣು ಮುಚ್ಚಿ ಹೆಬ್ಬೆರಳು ಒತ್ತಿದರು. ಸದ್ದೇ ಇಲ್ಲದೆ ತೆರೆಯಿತು. ಕಣ್ಣು ಬಿಟ್ಟು, ಮುಚ್ಚಿ, ಕೇಳದಿದ್ದರೂ ಇನ್ನೊಮ್ಮೆ ತೆರೆದು ತೋರಿಸಿದರು.

"ಚಲೋ ಇಟ್ಟೀರಿ" ಎಂದರು ಸಂಘಮಿತ್ರಾ, ಮುಖದ ಗೆರೆ ಅಲುಗಿಸದೆ.

ಹೊರಗೆ ಬರುವಾಗ ಮಾವನವರು ನನ್ನ ಕಿವಿಯಲ್ಲಿ, "ಲಟ್ಟಣಿಗಿ ಕೆಲಸ ಮಾಡ್ತು ನೋಡವಾ" ಎಂದರು.

ಚನ್ನವೀರರದೂ ಸುಸೂತ್ರವಾಗಿ ತೆರೆಯಿತು. ರಿವಾಲ್ವರುಗಳನ್ನು ಅಲ್ಲೇ ಒಪ್ಪಿಸಿ ಹೊರಟೆವು. ಮಸ್ಕಿಯಲ್ಲಿ ಅವರು ಇಳಿದಾಗ ಮಾವನವರು ಅಭ್ಯಾಸದಂತೆ "ಬರ್ತೀನೋ ತುಕ್ಕಿನ..." ಎಂದವರು ತಡೆದು, "ಬರ್ತೀನಿ, ಚನ್ನವೀರ" ಎಂದರು.

ಚನ್ನವೀರರು ನನ್ನ ಕಿಟಕಿಗೆ ಬಗ್ಗಿದರು. "ನಿಮ್ಮ ಮಾವಗ ಜ್ವರ ಬಂದಾವೇನವಾ? ಗುಳಿಗಿ ಕೊಡು."

ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಹೆಂಗಾತು?"

"ಬೆಣ್ಣಿ ಹಂಗ" ಎಂದು ಮಾವನವರು ಕೈಕಾಲು ತೊಳೆಯಲು ಹೋದರು.

ಅತ್ತೆ ನನ್ನನ್ನು ಹತ್ತಿರ ಕರೆದರು. "ಅವರಿಗೆ ಹೇಳಬ್ಯಾಡ. ದಸರಾಕ್ಕ ನಾ ಅದರ ಉಡಿ ತುಂಬಿದ್ದೆ. ಅದಕ್ಕ ಇವತ್ತು ಮಾನ ಉಳಿಸ್ತು."

ನಾನು ಬಾಯಿ ತೆರೆದೆ. ಬಚ್ಚಲಲ್ಲಿ ಮಾವನವರು ಏನೋ ಗುನುಗುತ್ತಿದ್ದರು. ಅತ್ತೆ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಬೆಣ್ಣೆಯನ್ನು ಸ್ವಲ್ಪ ಹೆಚ್ಚೇ ಇಟ್ಟರು. ಬಾಯಿ ತೆರೆದದ್ದಕ್ಕೆ ರೊಟ್ಟಿ ಮುರಿದು ಹಾಕಿಕೊಂಡೆ.

ಊಟವಾದ ಮೇಲೆ ಹಿತ್ತಲಿಗೆ ಹೋಗಿ, ಬ್ಯಾಗಿನಲ್ಲಿದ್ದ ಪೊಟ್ಟಣದ ಅಕ್ಕಿಯನ್ನು ನುಗ್ಗೆಮರದ ಬುಡದಲ್ಲಿ ಹೂತೆ. ಬರುವ ದಸರೆಗೆ ದೀಪದ ಚಿಂತೆ ಬಿಟ್ಟು ಮಣೆಯ ಪಕ್ಕದಲ್ಲೇ ಕೂರಬೇಕು. ಈ ಸಂಗತಿಯನ್ನಂತೂ ಅತ್ತೆಗಾಗಲಿ, ಮಾವನವರಿಗಾಗಲಿ, ಶಿವರಾಜರಿಗಾಗಲಿ ಹೇಳುವುದಿಲ್ಲ ಎಂದು ಕೈಯ ಮಣ್ಣು ಕೊಡವಿಕೊಂಡೆ.