ಮೂರನೆಯವಳು ಎಕ್ಕದ ಗಿಡ

ಮಡಂತ್ಯಾರು ಪೇಟೆಯಲ್ಲಿ ಯಾರನ್ನಾದರೂ ಕೇಳಿ, ಚನಿಯಪ್ಪ ಸುಳ್ಳುಗಾರ ಎನ್ನುತ್ತಾರೆ. ಹೊಟ್ಟೆಕಿಚ್ಚು. ನಾನು ನಿಜದ ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕುತ್ತೇನೆ, ಅಷ್ಟೆ. ಆಮೇಲೆ ಎಷ್ಟು ಬೆಳೆಯಬೇಕೆನ್ನುವುದು ಅದರ ಇಷ್ಟ.

ಆಫ್ರಿಕಾದಿಂದ ನಮ್ಮ ಮನೆಗೆ ನೆಂಟಿ ಬಂದದ್ದು ನಯಾಪೈಸೆ ಬಂದು ನಾಲ್ಕೈದು ವರ್ಷವಾದ ಮೇಲೆ, ದೀಪಾವಳಿಯ ಹೊತ್ತಿಗೆ. ನಮ್ಮ ಬಾವಿಕಟ್ಟೆಯ ಪಕ್ಕ ಒಂದು ಎಕ್ಕದ ಗಿಡ ತಾನಾಗಿಯೇ ಹುಟ್ಟಿ ಬೆಳೆದಿತ್ತು. ಎಂಥ ಗಿಡ! ತೆಂಗಿನಮರಕ್ಕೆ ಏನಾದರೂ ಹೇಳಬೇಕಾದರೆ ಬಗ್ಗಿ ಹೇಳುತ್ತಿತ್ತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದಾಗ ಬಾಳೆಲೆಯಷ್ಟು ಅಗಲದ ಚಿಟ್ಟೆಯೊಂದು ಬಂದು, ಎಕ್ಕದ ಎಲೆಯಡಿಗೆ ಬಾಲ ಬಗ್ಗಿಸಿ ಮೊಟ್ಟೆಯಿಟ್ಟಿತು. ಮುಂದಿನ ರೆಕ್ಕೆ ಕಾವಿ. ಹಿಂದಿನದು ಮಾತ್ರ ಸುಣ್ಣ ಬಳಿದ ಹಾಗೆ ಬಿಳಿ.

ಈ ಸುದ್ದಿಯನ್ನು ಪೇಟೆಯ ಹೋಟೆಲಿನಲ್ಲಿ ಹೇಳಿದಾಗ ನಗದೆ ಇದ್ದವರು ಒಬ್ಬರೇ. ಅವರು ಶೇಖರ ರಾಯರು, ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಪ್ರಾಣಿಶಾಸ್ತ್ರ ಕಲಿಸುವವರು. ರಜೆಯಲ್ಲಿ ಮೂಡಬಿದ್ರೆಯ ಅಕ್ಕನ ಮನೆಗೆ ಬಂದು, ಚಿಟ್ಟೆ ಹಿಡಿಯುವ ಬಲೆ ಹೊತ್ತುಕೊಂಡು ಬಸ್ಸು ಬಸ್ಸು ಹತ್ತಿ ಇಳಿಯುತ್ತಿದ್ದರು. ಬಲೆ ಕಂಡವರೆಲ್ಲ "ಇವತ್ತು ಬಂಗುಡೆ ಮೀನು ಎಷ್ಟಕ್ಕೆ?" ಎಂದು ಕೇಳಿ ಕೇಳಿ ಮನುಷ್ಯ ಸೋತುಹೋಗಿದ್ದರು. ಅವರು ಕೂಡಲೇ ನನ್ನ ಜೊತೆ ಹೊರಟು ಬಂದರು. ಚಿಟ್ಟೆ ಇನ್ನೂ ಅಲ್ಲೇ ಇತ್ತು. ಮೂರು ಬೆರಳಿನಷ್ಟು ಅಗಲ ಎಂದರು. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಸೊರಗಿರಬೇಕು.

"ಪೂರ್ತಿ ಕಾವಿ ಬಣ್ಣದ್ದು ನಮ್ಮಲ್ಲಿ ಬೇಕಾದಷ್ಟಿವೆ. ಹಿಂದಿನ ರೆಕ್ಕೆ ಬಿಳಿ ಇರೋದು ಆಫ್ರಿಕಾ ಕಡೆಯ ಬಗೆ. ಗಾಳಿಗೆ ಸಿಕ್ಕಿ ಯಾವಾಗಲೋ ಒಂದು ಬಂದೀತು. ಆದರೆ ಈ ಕಡೆ ಸಂಸಾರ ಹೂಡಿದ್ದನ್ನ ನಾನಂತೂ ಕೇಳಿಲ್ಲ" ಎಂದರು ರಾಯರು. "ಇವಳ ಮೊಟ್ಟೆಯಿಂದ ಬಿಳಿ ರೆಕ್ಕೆಯ ಮರಿ ಬರೋದನ್ನ ಕಣ್ಣಾರೆ ನೋಡಿದರೆ ಪತ್ರಿಕೆಗೆ ವರದಿ ಬರೀತೀನಿ. ಯಾರ ತೋಟ ಅಂತ ಹೆಸರೂ ಅಚ್ಚಾಗುತ್ತೆ. ಅಲ್ಲೀವರೆಗೆ ಗಿಡ ಕಾಪಾಡೋದು ನಿಮ್ಮ ಜವಾಬ್ದಾರಿ."

ಹೆಸರು ಅಚ್ಚಾಗುತ್ತದೆ! ಅಲ್ಲಿಯವರೆಗೆ ನನ್ನ ಹೆಸರು ಅಚ್ಚಾದದ್ದು ಎರಡೇ ಸಲ. ಎರಡೂ ಮದುವೆಯ ಕಾಗದದಲ್ಲಿ. ಆ ಇಬ್ಬರು ಪುಣ್ಯಾತ್ಗಿತ್ತಿಯರೂ ಜ್ವರದಲ್ಲಿ ತೀರಿಕೊಂಡಿದ್ದರು. ನನ್ನ ಮಾತು ಕೇಳಿಯೇ ಸತ್ತರು ಎಂದು ಪೇಟೆಯವರು ಹೇಳುವುದು ಶುದ್ಧ ಸುಳ್ಳು.

ಮೊಟ್ಟೆ ಒಡೆದು ಪಟ್ಟೆ ಪಟ್ಟೆ ಹುಳಗಳು ಎಲೆ ತಿನ್ನತೊಡಗಿದವು. ಆಗ ನನ್ನ ಮನೆ ನೋಡಿಕೊಳ್ಳುತ್ತಿದ್ದ ತಂಗಿ ಅಮ್ಮಣಿ ಕತ್ತಿ ಹಿಡಿದುಕೊಂಡು ಬಂದಳು.

"ಅಣ್ಣ, ಈ ದರಿದ್ರ ಗಿಡದ ಹಾಲು ಕರುವಿನ ಕಣ್ಣಿಗೆ ಬಿದ್ರೆ ಎಂತ ಗತಿ? ಅದರ ಮೇಲೆ ಹುಳ ಬೇರೆ. ಈಗಲೇ ಕಡೀತೇನೆ."

"ಬೇಡ ಮಾರಾಯ್ತಿ! ಅದು ಆಫ್ರಿಕಾದ ಚಿಟ್ಟೆಯ ಮಕ್ಕಳು."

"ಹೌದಾ? ಹೋದ ತಿಂಗಳು ನಮ್ಮ ಬಾವಿಯಲ್ಲಿ ತಿಮಿಂಗಿಲ ಇತ್ತಲ್ಲ, ಅದರ ಸಂಬಂಧವಾ?"

ನಿಜ ಹೇಳಿದರೆ ಇದೇ ಕಷ್ಟ. ಕತ್ತಿ ಮೇಲೆದ್ದಿತು. ನಾನು ನನ್ನ ಹಳೆಯ ಕಸುಬಿಗೇ ಮರಳಿದೆ.

"ಅಮ್ಮಣಿ, ಅದು ನನ್ನ ಮೂರನೆಯವಳು."

ಅವಳ ಕೈ ನಿಂತಿತು. ಮೂರನೆಯ ಮದುವೆ ಗಂಡಿಗೆ ಆಗಿಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೆ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿ ಅದನ್ನೇ ಮೂರನೆಯ ಹೆಂಡತಿ ಮಾಡಿಕೊಳ್ಳಬೇಕು. ಆಮೇಲೆ ಅದನ್ನು ಕಡಿದರೆ ದೋಷವೆಲ್ಲ ಗಿಡದ ಪಾಲು. ನಿಜವಾದ ಹೆಣ್ಣು ನಾಲ್ಕನೆಯವಳಾಗಿ ಸುಖವಾಗಿರುತ್ತಾಳೆ.

"ಮದುವೆ ಮನಸ್ಸುಂಟಂತ ಮೊದಲೇ ಹೇಳ್ಬಾರದಾ ಅಣ್ಣ!" ಎಂದು ಅಮ್ಮಣಿ ಕಣ್ಣೊರೆಸಿಕೊಂಡಳು. ಮರುದಿನವೇ ಗಿಡದ ಸುತ್ತ ಮುಳ್ಳಿನ ಬೇಲಿ ಎದ್ದಿತು. ಬುಡಕ್ಕೆ ಕುಂಕುಮ, ಕಾಂಡಕ್ಕೆ ಹೊಸ ರವಕೆಕಣ. ಪಕ್ಕದ ಮನೆಯ ಆಡು ಆ ಕಡೆ ಮುಖ ಹಾಕಿದರೆ "ಅತ್ತಿಗೆಯನ್ನು ತಿನ್ಲಿಕ್ಕೆ ಬಂತು" ಎಂದು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಪೊಲೀಸರನ್ನು ಇಟ್ಟಿದ್ದರೂ ಅಂಥ ಕಾವಲು ಸಿಗುತ್ತಿರಲಿಲ್ಲ. ನನ್ನ ಬುದ್ಧಿಗೆ ನಾನೇ ತಲೆಬಾಗಿದೆ.

ತಲೆ ಎತ್ತುವಷ್ಟರಲ್ಲಿ ಹೆಣ್ಣು ಗೊತ್ತಾಗಿತ್ತು. ನಾರಾವಿಯ ಕಾವೇರಮ್ಮ, ಶಾಲೆಯ ಟೀಚರು, ನೋಡಲು ಬಂದ ಗಂಡುಗಳನ್ನೆಲ್ಲ ಫೇಲು ಮಾಡಿ ಮಾಡಿ ನಲವತ್ತರ ಹತ್ತಿರ ಬಂದವಳು. ಸಂಬಂಧ ತಂದವನ ಹತ್ತಿರ ನನ್ನ ವಿಷಯದಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಅವರು ಜನ ಹೇಳುವಷ್ಟು ಸುಳ್ಳು ಹೇಳ್ತಾರಾ?" "ಅದಕ್ಕಿಂತ ಜಾಸ್ತಿ ಟೀಚರ್." "ಹಾಗಾದ್ರೆ ಅಡ್ಡಿಯಿಲ್ಲ, ಬೇಜಾರು ಬರ್ಲಿಕ್ಕಿಲ್ಲ."

ಈಗಲಾದರೂ ಬಾಯಿಬಿಡಬಹುದಿತ್ತು. ಬಿಟ್ಟರೆ ಗಿಡ ಹೋಗುತ್ತದೆ, ಗಿಡ ಹೋದರೆ ಹೆಸರು ಹೋಗುತ್ತದೆ. ಚಿಟ್ಟೆ ಹಾರಿದ ಮೇಲೆ ಏನಾದರೂ ಹೇಳಿ ಮದುವೆ ತಪ್ಪಿಸಿಕೊಳ್ಳುವ ಎಂದುಕೊಂಡೆ. ಆದರೆ ಹುಳಗಳನ್ನು ಇರುವೆ, ಕಣಜ, ಹಕ್ಕಿ ಹಂಚಿಕೊಂಡು ತಿಂದು, ಕೊನೆಗೆ ಉಳಿದದ್ದು ಒಂದೇ ಒಂದು. ಅದು ಎಲೆಯಡಿಯಲ್ಲಿ ತಲೆಕೆಳಗಾಗಿ ನೇತುಬಿದ್ದು ಗೂಡಾಯಿತು. ಚಿನ್ನದ ಚುಕ್ಕೆಯಿಟ್ಟ ಹಸಿರು ಲೋಲಾಕಿನ ಹಾಗಿತ್ತು. ಅದು ಒಡೆಯುವ ಮೊದಲೇ ಮುಹೂರ್ತ ಬಂದುಬಿಟ್ಟಿತು.

ಮದುವೆಯ ಬೆಳಿಗ್ಗೆ ನಾನು ಪಂಚೆಯುಟ್ಟು ಹೊರಗೆ ಬರುವಾಗ ಶೇಖರ ರಾಯರು ಆಗಲೇ ಬೇಲಿಯೊಳಗೆ ಮಂಡಿಯೂರಿ, ಭೂತಗನ್ನಡಿ ಹಿಡಿದು ಎಕ್ಕದ ಎಲೆಯಡಿ ನೋಡುತ್ತಿದ್ದರು. ಹೆಣ್ಣಿನ ಕಡೆಯ ದಿಬ್ಬಣ ಅಂಗಳದಲ್ಲಿ ಇಳಿದಿತ್ತು.

"ನೋಡಿ ಚನಿಯಪ್ಪ, ಕಪ್ಪಾಗ್ತಿದಾಳೆ!" ಎಂದು ರಾಯರು ಕೂಗಿದರು. "ಇವತ್ತು ಬಟ್ಟೆ ಬಿಚ್ಚೋದು ಖಂಡಿತ. ಅಮ್ಮ ಪರದೇಶದವಳು, ಮಗಳೂ ಹಾಗೇ ಇದ್ದರೆ ನಿಮ್ಮ ಅದೃಷ್ಟ!"

ಕಾವೇರಮ್ಮನ ಅಣ್ಣ ಮುಂಡಾಸು ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದ. "ಯಾರ ಅಮ್ಮನಿಗೆ ಹೇಳುವುದು ಈ ಜನ?"

"ಗಿಡಕ್ಕೆ, ಗಿಡಕ್ಕೆ" ಎಂದು ಅಮ್ಮಣಿ ಅವನನ್ನು ಕೂರಿಸಿ ಬೆಲ್ಲ ನೀರು ಕೊಟ್ಟಳು.

ಭಟ್ರು ಮಂತ್ರ ಶುರು ಮಾಡಿದರು. ನಾನು ಎಕ್ಕದ ಕೊಂಬೆಗೆ ತಾಳಿ ಕಟ್ಟಿದೆ. ಭಟ್ರು ಕತ್ತಿಯನ್ನು ನನ್ನ ಕೈಗಿಟ್ಟರು.

"ಹೂಂ, ಕಡಿಯಿರಿ. ಊಟಕ್ಕೆ ಹೊತ್ತಾಯ್ತು."

ರಾಯರ ಮುಖ ಗೂಡಿಗಿಂತ ಕಪ್ಪಾಯಿತು. ನನಗೆ ಒಂದೇ ಒಂದು ಸುಳ್ಳೂ ಹೊಳೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ! ಬಾಯಿಂದ ಬಂದದ್ದು ನಿಜವೇ.

"ಭಟ್ರೇ, ಈ ಎಲೆಯಡಿಯಲ್ಲಿ ಆಫ್ರಿಕಾದ ಚಿಟ್ಟೆಯ ಮರಿ ಉಂಟು. ಅದು ಹಾರುವವರೆಗೆ ನಾನು ಕಡಿಯುವುದಿಲ್ಲ."

ಚಪ್ಪರ ಬೀಳುವ ಹಾಗೆ ನಗು. "ಮದುವೆ ದಿವಸವೂ ಬಿಡುವುದಿಲ್ಲವಲ್ಲ ಈ ಜನ!" ಎಂದರು ಯಾರೋ. ಅಮ್ಮಣಿ ಹಣೆ ಚಚ್ಚಿಕೊಂಡಳು.

ಆಗ ಒಳಗಿನಿಂದ ಮದುಮಗಳು ಎದ್ದು ಬಂದಳು. ಸವತಿಯನ್ನು ನೋಡಬೇಕಂತೆ. ಕಾವೇರಮ್ಮ ರಾಯರ ಕೈಯಿಂದ ಭೂತಗನ್ನಡಿ ತೆಗೆದುಕೊಂಡು, ಸೆರಗು ಸಿಕ್ಕಿಸಿ, ಬಗ್ಗಿ ಎಲೆಯಡಿಯಲ್ಲಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಶಾಲೆಯ ದನಿಯಲ್ಲಿ ಕೇಳಿದಳು:

"ಭಟ್ರೇ, ಬಸುರಿಯನ್ನು ಕಡಿಯುವ ಕ್ರಮ ಯಾವ ಶಾಸ್ತ್ರದಲ್ಲಿ ಉಂಟು?"

ಹಿಂದಿನ ಸಾಲಿನಿಂದ ಯಾರೋ, "ತಾಳಿ ಕಟ್ಟಿ ಎಲೆ ಅಡಿಕೆ ಹಾಕುವಷ್ಟು ಹೊತ್ತಾಗಲಿಲ್ಲ, ಬಸುರಿ! ಚನಿಯಪ್ಪಂದು ಎಲ್ಲವೂ ಬೇಗ!" ಎಂದ. ಮತ್ತೆ ನಗು. ಆದರೆ ಕತ್ತಿ ಮಾತ್ರ ನನ್ನ ಕೈಯಿಂದ ಟೀಚರ ಕೈಗೆ ಹೋಗಿತ್ತು, ಅಲ್ಲಿಂದ ಬೇಲಿಯಾಚೆಗೆ.

"ಹೆರಿಗೆ ಆಗಲಿ, ಆಮೇಲೆ ನೋಡುವ" ಎಂದರು ಭಟ್ರು.

ಇಡೀ ದಿಬ್ಬಣ ಎಕ್ಕದ ಗಿಡದ ಸುತ್ತ ಕೂತಿತು. ಪಾಯಸ ಎರಡು ಸಲ ಬಿಸಿಯಾಯಿತು. ಕೊನೆಗೆ ಗೂಡು ಸೀಳಿತು. ಮುದುಡಿದ ಒದ್ದೆ ಬಟ್ಟೆಯಂಥದ್ದೇನೋ ಹೊರಗೆ ಬಂದು, ಖಾಲಿ ಗೂಡಿಗೆ ನೇತುಬಿದ್ದು ನಿಧಾನವಾಗಿ ಬಿಚ್ಚಿಕೊಂಡಿತು. ಮುಂದಿನ ರೆಕ್ಕೆ ಕಾವಿ. ಹಿಂದಿನದು ಬಿಳಿ! ರಾಯರು ಅತ್ತರು. ಹೆರಿಗೆ ಸುಸೂತ್ರವಾಯಿತೆಂದು ಅಮ್ಮಣಿ ಅಭ್ಯಾಸಬಲದಿಂದ ಎಲ್ಲರಿಗೂ ಸಕ್ಕರೆ ಹಂಚಿದಳು. ಅಷ್ಟರಲ್ಲಿ ಮದುವೆ ಹೇಗೆ ತಪ್ಪಿಸಿಕೊಳ್ಳಬೇಕೆಂಬ ನನ್ನ ಉಪಾಯ ಮರೆತೇಹೋಗಿತ್ತು. ಮರೆತದ್ದೋ, ಬೇಡವಾದದ್ದೋ, ನೀವು ಕೇಳಬೇಡಿ.

ಗಿಡವನ್ನು ಕಡಿಯಲು ಆಮೇಲೂ ಕಾವೇರಮ್ಮ ಬಿಡಲಿಲ್ಲ. "ಅಕ್ಕ ಬಾಣಂತಿ" ಎಂದಳು. ಆ ಬಾಣಂತನ ಇನ್ನೂ ಮುಗಿದಿಲ್ಲ. ಹಾಗಾಗಿ ಭಟ್ರ ಲೆಕ್ಕದಲ್ಲಿ ನಾನು ಇಬ್ಬರು ಹೆಂಡಿರ ಗಂಡ. ಬೆಳ್ತಂಗಡಿ ತಾಲೂಕಿನಲ್ಲಿ ಇಂಥ ಪರಾಕ್ರಮಿ ಇನ್ನೊಬ್ಬನಿದ್ದರೆ ತೋರಿಸಿ.

ವರದಿ ಮುಂದಿನ ವರ್ಷ ಅಚ್ಚಾಯಿತು. ರಾಯರೇ ಮೂಡಬಿದ್ರೆಯಿಂದ ಪತ್ರಿಕೆ ತಂದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಿಸಿ ಜಗುಲಿಯಲ್ಲಿ ಓದಿದರು. ನಾನು ಪೇಟೆಯ ಅರ್ಧ ಜನರನ್ನು ಕರೆದು ಕೂರಿಸಿದ್ದೆ. ಅಪರೂಪದ ವಲಸೆ ಚಿಟ್ಟೆ ಮರಿ ಮಾಡಿದ್ದು "ಶ್ರೀಮತಿ ಕಾವೇರಮ್ಮನವರ ಮನೆಯಂಗಳದಲ್ಲಿ", ಗಿಡ ಉಳಿದದ್ದು "ಅವರ ಸಮಯಪ್ರಜ್ಞೆಯಿಂದ" ಎಂದಿತ್ತು.

"ನನ್ನದು?" ಎಂದೆ.

"ಇದೆ, ಇದೆ" ಎಂದು ರಾಯರು ಪುಟದ ಕೆಳಗೆ ಬೆರಳಿಟ್ಟರು. "ಆ ಸಮಯದಲ್ಲಿ ಆಕೆಯ ಪತಿಯೂ ಸ್ಥಳದಲ್ಲಿದ್ದರು."