ಲೆಕ್ಕಕ್ಕೆ ಬೇಕಿದ್ದ ಹಲ್ಲು

ಚಿಕ್ಕಮ್ಮನನ್ನು ಪುಸಲಾಯಿಸಿ ಹಲ್ಲಿನ ಕಾಲೇಜಿನ ಕುರ್ಚಿಯಲ್ಲಿ ತಂದು ಕೂರಿಸಿದವನು ನಾನೇ. ಅಕ್ಕ ಅಲ್ಲಿ ಕೊನೆಯ ವರ್ಷದಲ್ಲಿದ್ದಳು. ಇಷ್ಟು ಹಲ್ಲು ಕಿತ್ತಿರಬೇಕು ಎಂಬ ಲೆಕ್ಕ ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅರ್ಧ ವರ್ಷ ಗೋವಿಂದ. ಅವಳಿಗೆ ಇನ್ನೊಂದೇ ಹಲ್ಲು ಬೇಕಿತ್ತು, ಅದಕ್ಕೆ ಅವತ್ತೇ ಕೊನೆಯ ದಿನ. ಹಲ್ಲುನೋವಿನ ನೆಂಟರು ಯಾರಿದ್ದಾರೆಂದು ಮನೆಮಂದಿಯೆಲ್ಲ ತಲೆ ಕೆಡಿಸಿಕೊಂಡು ಹುಡುಕಿದಾಗ ಸಿಕ್ಕವಳು ಚಿಕ್ಕಮ್ಮ.

ಅವಸರದಲ್ಲಿ ಅಕ್ಕ ಎಕ್ಸ್‌ರೇ ಬರುವ ಮೊದಲೇ ದವಡೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿಬಿಟ್ಟಳು. ಆಮೇಲೆ ಬಂದ ಹಸಿ ಫಿಲ್ಮನ್ನು, ಚಿಕ್ಕಮ್ಮನಿಗೆ ಕೇಳಿಸದಷ್ಟು ದೂರದ ಕಿಟಕಿಯ ಬೆಳಕಿಗೆ ಹಿಡಿದವಳ ಮುಖ ಸಪ್ಪಗಾಯಿತು.

"ಬೇರು ಗಟ್ಟಿಯಾಗಿದೆ ಕಣೋ. ಪಕ್ಕದ ವಿಭಾಗದಲ್ಲಿ ಶುಚಿ ಮಾಡಿ ತುಂಬಿಸಿದ್ರೆ ಹಲ್ಲು ಉಳಿಯುತ್ತೆ."

"ಕೀಳು ಅಂತ ಅವಳೇ ಕೇಳಿದಾಳೆ, ಸಹಿ ಹಾಕಿದಾಳೆ. ಒಪ್ಪಿಗೆ ಇದೆ, ಮುಗೀತು," ಎಂದೆ. ನಾನು ಓದುತ್ತಿದ್ದುದು ಕಾನೂನು. ಸಹಿಯಾದ ಮೇಲೆ ಬೇರೆ ಮಾತೇ ಇಲ್ಲ ಎಂದು ನಂಬಿದ್ದವನು.

"ಉಳಿಯುತ್ತೆ ಅಂತ ಗೊತ್ತಿಲ್ದೆ ಹಾಕಿದ ಸಹಿ ಅದು. ಹೇಳ್ತೀನಿ. ಆಮೇಲೂ ಕೀಳು ಅಂದ್ರೆ ಕೀಳ್ತೀನಿ."

ನನಗೆ ಮೈಯೆಲ್ಲ ಉರಿಯಿತು. "ಹೇಳು, ಓದಿದ್ದೆಲ್ಲ ನೀರಲ್ಲಿ ಹೋಮ ಮಾಡು," ಎಂದೆ.

ಅಕ್ಕ ಹೇಳಿಯೇ ಹೇಳಿದಳು. ಚಿಕ್ಕಮ್ಮ ಜೋತುಬಿದ್ದ ತುಟಿಯಲ್ಲೇ ತೊದಲಿ ಕೇಳಿದಳು, "ತುಂಬಿಸಿದ್ರೆ ನಿನ್ನ ಲೆಕ್ಕಕ್ಕೆ ಬರುತ್ತಾ?"

"ಇಲ್ಲ."

"ಹಾಗಾದ್ರೆ ಕಿತ್ತು ಹಾಕೇ. ಒಂದು ಹಲ್ಲು ತಾನೆ?"

ಅಕ್ಕನ ಕೈ ಇಕ್ಕಳಕ್ಕೆ ಹೋಯಿತು. ಅವಳು ಬಯಸಿದ್ದ ಒಪ್ಪಿಗೆ ಸಿಕ್ಕಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಚಿಕ್ಕಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಬಾಯಿ ತೆರೆದಳು. ಇಕ್ಕಳ ಹಲ್ಲನ್ನು ಕಚ್ಚಿ ಹಿಡಿಯಿತು.

"ಅಕ್ಕಾ, ಬೇಡ. ಇದು ಒಪ್ಪಿಗೆ ಅಲ್ಲ," ಎಂದೆ.

"ಈಗ್ಯಾಕೋ ನಿನ್ನ ವಕೀಲಿ?" ಅಕ್ಕ ಇಕ್ಕಳ ಬಿಡದೆಯೇ ರೇಗಿದಳು. "ಎಲ್ಲಾ ಹೇಳಿದೀನಲ್ಲ!"

"ನಿನ್ನ ಜಾಗದಲ್ಲಿ ಬೇರೆ ಯಾವ್ದೋ ಡಾಕ್ಟರ್ ಇದ್ದಿದ್ರೆ ಚಿಕ್ಕಮ್ಮ ಏನು ಮಾಡಿಸ್ಕೋತಿದ್ಲು ಅಂತ ಅವಳನ್ನೇ ಕೇಳು."

ಅಕ್ಕ ಇಕ್ಕಳ ಹೊರತೆಗೆದು ಕೇಳಿದಳು. ಚಿಕ್ಕಮ್ಮ ತಿಂದುಹಾಕುವ ಹಾಗೆ ನನ್ನನ್ನು ನೋಡಿದಳು. ಸುಳ್ಳು ಹೇಳಲು ಹೊರಟಳು, ನಾಲಗೆ ಏಳಲಿಲ್ಲ.

"ಉಳಿಸಿ ಅಂತಿದ್ದೆ," ಎಂದಳು ಕೊನೆಗೆ.

ಅಕ್ಕ ಕುರ್ಚಿ ನೇರ ಮಾಡಿ, ಪಕ್ಕದ ವಿಭಾಗಕ್ಕೆ ಚೀಟಿ ಬರೆದುಕೊಟ್ಟಳು. ಆಮೇಲೆ ಕೈ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಕರೆದುಕೊಂಡು ಹೋಗಲೆಂದು ನಾನು ಚಿಕ್ಕಮ್ಮನ ಕೈ ಹಿಡಿದೆ. ಅವಳು ಕೊಸರಿಕೊಂಡಳು.

"ನನ್ನ ಹಲ್ಲು ಕಣೋ ಅದು," ಎಂದಳು. "ಅವಳಿಗೆ ಕೊಡೋಕೂ ಬಿಡಲಿಲ್ಲ ನೀನು."