ಗೋದಲಿಯ ಸಿಂಧೂರ

ಗಡಿಯಲ್ಲಿ ಯುದ್ಧ ಶುರುವಾದ ವರ್ಷ ಕೆಂಚಿ ಮತ್ತೆ ಗಬ್ಬವಾಯಿತು. ಅದು ಮಂಜವ್ವನಿಗೆ ತವರಿನಿಂದ ಬಂದ ಆಕಳು. ಹಿಂದಿನ ಎರಡು ಕರುಗಳೂ ಸತ್ತೇ ಹುಟ್ಟಿದ್ದವು. ಮೊದಲನೆಯದು ಸತ್ತಾಗಲೇ ಗಂಡ ಗುತ್ತೆಪ್ಪ ಯಾರದೋ ಕಣ್ಣು ಬಿದ್ದಿದೆ ಎಂದು ತೀರ್ಮಾನಿಸಿ, ಸವಣೂರ ಪೇಟೆಯಿಂದ ಸಿಂಧೂರ ತಂದು, ಎಣ್ಣೆಯಲ್ಲಿ ಕಲಸಿ ಕೆಂಚಿ ಮೇವು ತಿನ್ನುವ ಗೋದಲಿಗೆ ಮೆತ್ತಿದ್ದ. ಎರಡನೆಯದೂ ಸತ್ತ ಮೇಲೆ ಇನ್ನೂ ದಪ್ಪಗೆ ಮೆತ್ತಿದ. ಭಕ್ತಿಯಲ್ಲಿ ಜಿಪುಣತನ ಮಾಡುವ ಆಸಾಮಿಯಲ್ಲ ಅವನು.

ದಿನ ತುಂಬುತ್ತ ಬಂದಂತೆ ಕೆಂಚಿ ಹಲ್ಲು ಕಡಿಯತೊಡಗಿತು, ಕಣ್ಣು ಕಾಣದಂತೆ ಗೋಡೆಗೆ ಹಾಯತೊಡಗಿತು. ಮಂಜವ್ವ ಹಟ ಹಿಡಿದು ಹಾನಗಲ್ಲಿನಿಂದ ದನದ ಡಾಕ್ಟರನ್ನು ಕರೆಸಿದಳು.

“ಸೀಸದ ವಿಷದಂಗ ಕಾಣತೈತಿ. ಎಲ್ಲೆರ ಬಣ್ಣ ನೆಕ್ಕತೈತೇನು? ಹೊಟ್ಯಾಗಿನ ಕರಕ್ಕೂ ಇಳಿತೈತಿ ಅದು,” ಎಂದರು ಡಾಕ್ಟರು.

“ನಮ್ಮ ಮನ್ಯಾಗ ಬಣ್ಣ ಎಲ್ಲೈತ್ರಿ ಸಾಹೇಬ್ರ?” ಎಂದ ಗುತ್ತೆಪ್ಪ. ಸುಳ್ಳಲ್ಲ. ಅವನ ಪಾಲಿಗೆ ಸಿಂಧೂರ ಬಣ್ಣವಲ್ಲ, ಸಾಕ್ಷಾತ್ ಹನುಮಪ್ಪ.

ಮಂಜವ್ವ ಮುಂದೆ ಬಂದಳು. “ಗ್ವಾದಲಿ ನೋಡ್ರಿ. ಖಾಲಿ ಇದ್ರೂ ನೆಕ್ಕತೈತಿ.”

ಡಾಕ್ಟರು ಉಗುರಿನಿಂದ ಕೆರೆದು ನೋಡಿದರು. “ಸಿಂಧೂರ ಅಂದ್ರ ಸೀಸನ. ರುಚಿ ಹತ್ತಿ ದನ ನೆಕ್ಕತಾವ. ಇವತ್ತ ತೆಗೀರಿ,” ಎಂದು ಔಷಧ ಕೊಟ್ಟು ಹೋದರು.

“ಕೈ ಹಚ್ಚಬ್ಯಾಡ! ಈ ಕರಾನೂ ಸತ್ತರ ನಿನ್ನ ತಲಿಮ್ಯಾಲ ನೋಡು,” ಎಂದು ಗುತ್ತೆಪ್ಪ ಗುಡುಗಿದ.

“ಇರಲ್ರಿ,” ಎಂದು ಮಂಜವ್ವ ಕುಡಗೋಲು ತಂದಳು. ಕೆರೆಯುವ ಮುಂಚೆ ಗೋದಲಿಗೆ ಕೈ ಮುಗಿದಳು. ದೇವರ ಭಯ ಅವಳಿಗೇನು ಕಡಿಮೆ ಇರಲಿಲ್ಲ. ಕೆರೆದ ಪುಡಿಯನ್ನು ದೂರ ಒಯ್ದು ಹುಗಿದು ಬಂದಳು. ಅಂದಿನಿಂದ ಗಂಡ ಅವಳ ಜೊತೆ ಮಾತು ಬಿಟ್ಟ.

ಕೆಂಚಿ ಈದದ್ದು ಒಂದು ಮುಂಜಾನೆ. ಕರು ಮಿಸುಕಲಿಲ್ಲ. ಗುತ್ತೆಪ್ಪ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಅವಳು ಅದರ ಮೂಗು ಒರೆಸಿ, ಹುಲ್ಲಿನಿಂದ ಪಕ್ಕೆ ತಿಕ್ಕಿದಳು, ಅಳುತ್ತ ತಿಕ್ಕಿದಳು. ಕೊನೆಗೆ ಕರು ಒಮ್ಮೆ ಸೀನಿ ಉಸಿರೆಳೆಯಿತು. ಬಡಕಲು ಜೀವ, ಕಾಲು ನಿಲ್ಲುತ್ತಿರಲಿಲ್ಲ.

ಗುತ್ತೆಪ್ಪ ಒಳಗೆ ಓಡಿ ಸಿಂಧೂರದ ಬಟ್ಟಲು ತಂದ. “ಸರಿ ಅತ್ಲಾಗ. ಹಣಿಗಿ ಒಂದ ಬೊಟ್ಟ ಇಡ್ತೇನಿ. ಉಳೀಬೇಕೋ ಬ್ಯಾಡೋ ಇದು?”

ಮಂಜವ್ವ ಅಡ್ಡ ಬರಲಿಲ್ಲ, ಅವಳಲ್ಲಿ ತ್ರಾಣವೇ ಉಳಿದಿರಲಿಲ್ಲ. ಅವನು ಬಗ್ಗಿ ಕೆಂಪು ಬೆರಳು ಚಾಚಿದ. ಕರುವನ್ನು ನೆಕ್ಕುತ್ತಿದ್ದ ಕೆಂಚಿ ಕತ್ತು ಹೊರಳಿಸಿತು. ಕರುವನ್ನು ಬಿಟ್ಟು, ಅವನ ಬೆರಳಿಗೆ ನಾಲಿಗೆ ಚಾಚಿತು.

ಗುತ್ತೆಪ್ಪ ಬೆಂಕಿ ತಾಕಿದಂತೆ ಕೈ ಹಿಂದಕ್ಕೆಳೆದುಕೊಂಡ. ಬಟ್ಟಲನ್ನು ಕೆಂಚಿಗೆ ಎಟುಕದಂತೆ ದೂರ ಇಟ್ಟ.

“ನೀರ ಹಾಕ, ಮಂಜಿ,” ಎಂದ. “ಕೈ ತೊಳಕೋತೇನಿ.”